ಕಾಡಿಗೆ ಬಂದುಹೋಗುವವರಿಗೂ ಉಣುಗಿನ ಎಚ್ಚರಿಕೆ ತಲುಪಲಿ: ಅರಣ್ಯ, ಆರೋಗ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯಲ್ಲಿ ಅಡಿಕೆ ತೋಟ ಮಾಡಿಕೊಂಡು, ಸೊಪ್ಪಿನ ಬೆಟ್ಟ ಮತ್ತು ಅದರಾಚೆಯ ಕಾಡಿನ ಅಂಚಿನಲ್ಲೇ ಬಾಳುತ್ತಿರುವ ನಾನು, ಉಣುಗು (ರಕ್ತ ಹೀರುವ ಉಣ್ಣೆ ಹುಳು) ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ಈ ಪತ್ರವನ್ನು ಕರ್ನಾಟಕ ಸರ್ಕಾರದ ಮೂರು ಇಲಾಖೆಗಳಿಗೆ ಒಟ್ಟಾಗಿ ಬರೆಯುತ್ತಿದ್ದೇನೆ. ಕಾಡಿನಲ್ಲಿ ಮಂಗ ಸತ್ತರೆ ಅದು ಅರಣ್ಯ ಇಲಾಖೆಗೆ ತಿಳಿಯುತ್ತದೆ, ಹಳ್ಳಿಯಲ್ಲಿ ಜ್ವರ ಕಾಣಿಸಿಕೊಂಡರೆ ಆರೋಗ್ಯ ಇಲಾಖೆಗೆ ತಿಳಿಯುತ್ತದೆ, ಬರುವ ವಾರಾಂತ್ಯಕ್ಕೆ ಎಷ್ಟು ಜನ ಮಲೆನಾಡಿನ ಕಡೆ ಹೊರಟಿದ್ದಾರೆಂಬ ಅಂದಾಜು ಪ್ರವಾಸೋದ್ಯಮ ಇಲಾಖೆಗೆ ಇರುತ್ತದೆ. ಈ ಮೂರೂ ಸಂಗತಿಗಳು ಒಂದೇ ಕಾಡಿಗೆ ಸೇರಿದವು. ಆದರೆ ಆ ಕಾಡಿಗೆ ಕಾಲಿಡಲಿರುವ ಮನುಷ್ಯನ ಕೈಗೆ ಇವು ಒಂದಾಗಿ ತಲುಪುವ ವ್ಯವಸ್ಥೆ ಇಂದಿಗೂ ಇಲ್ಲ. ಆ ವ್ಯವಸ್ಥೆಯನ್ನು ಮಾಡಿ ಎಂದು ಕೇಳುವುದಷ್ಟೇ ಈ ಪತ್ರದ ಉದ್ದೇಶ.

ಮಂಗನ ಕಾಯಿಲೆ ಎಂದು ನಾವು ಕರೆಯುವ ಕೆಎಫ್‌ಡಿ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ನೆರೆಯ ಸೊರಬ ತಾಲ್ಲೂಕಿನ ಕಾಡೊಂದರ ಹೆಸರನ್ನು ಹೊತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನು ಸೇರಿದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ವಿಜ್ಞಾನಿಗಳಿಗೆ ಮೊದಲು ಕಾಡಿದ್ದು, ಅದುವರೆಗೆ ಏಷ್ಯಾದಲ್ಲೇ ಕಾಣದ ಹಳದಿ ಜ್ವರ ಇಲ್ಲಿಗೆ ಬಂದುಬಿಟ್ಟಿತೇ ಎಂಬ ಆತಂಕ. ಪ್ರಯೋಗಾಲಯದಲ್ಲಿ ನೋಡಿದಾಗ ಅದು ಬೇರೆಯದೇ ಹೊಸ ವೈರಸ್ ಎಂದೂ, ರಷ್ಯಾ ಮತ್ತು ಯುರೋಪಿನ ಕಾಡುಗಳಲ್ಲಿ ಉಣುಗಿನ ಮೂಲಕ ಹರಡಿ ಮಿದುಳಿಗೆ ಏರುವ ಜ್ವರದ ವೈರಸ್‌ಗೆ ಹತ್ತಿರದ ನಂಟಿನದೆಂದೂ ಗೊತ್ತಾಯಿತು. ಅಂದಿನಿಂದ ಇಂದಿನವರೆಗೆ ಈ ಕಾಯಿಲೆ ಮಲೆನಾಡನ್ನು ಬಿಟ್ಟು ಹೋಗಿಲ್ಲ, ಬದಲು ಹಬ್ಬಿದೆ. 1980ರ ದಶಕದ ಆರಂಭದಲ್ಲಿ ಗೇರು ನೆಡುವುದಕ್ಕಾಗಿ ಕಾಡು ಕಡಿದ ಬೆಳ್ತಂಗಡಿ ಸೀಮೆಯಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಎದ್ದಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡು, ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಯನ್ನೇ ಹಿಡಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಿಂದಲೂ ಸುದ್ದಿ ಬಂತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಈ ಭಾಗದ ಯಾರೂ ಮರೆತಿಲ್ಲ. ಅರಳಗೋಡು ಇರುವುದು ಜೋಗಕ್ಕೆ ಹತ್ತಿರದಲ್ಲಿ ಎಂಬುದನ್ನು ಹೊರಗಿನ ಓದುಗರಿಗಾಗಿ ಇಲ್ಲಿ ಸೇರಿಸುತ್ತೇನೆ.

ನನ್ನ ಆತಂಕ ಶುರುವಾಗುವುದು ಋತುಮಾನದ ಲೆಕ್ಕದಿಂದ. ಈ ವೈರಸ್ಸನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡು ಉಣುಗಿನ ಬದುಕು ಮೂರು ಹಂತದ್ದು. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಕರುಗಳ ಮತ್ತು ಕಾಡಿನ ದೊಡ್ಡ ಪ್ರಾಣಿಗಳ ರಕ್ತ ಹೀರಿ ನೆಲಕ್ಕೆ ಉದುರಿ ಮೊಟ್ಟೆಯಿಡುತ್ತವೆ. ಮಳೆ ಕಡಿಮೆಯಾದ ಮೇಲೆ ಹೊರಬರುವ ಮರಿಗಳು ಇಲಿ, ಮೂಗಿಲಿ, ನೆಲದ ಹಕ್ಕಿಗಳ ಮೈ ಹತ್ತುತ್ತವೆ. ಅವು ಬೆಳೆದು ನಿಂಫ್ ಎಂಬ ಎಳೆಯ ಹಂತಕ್ಕೆ ಬಂದಾಗ ಮಂಗಗಳನ್ನೂ ಮನುಷ್ಯರನ್ನೂ ಕಚ್ಚುತ್ತವೆ. ಕಾಯಿಲೆ ನಮಗೆ ದಾಟುವುದು ಬಹುಮಟ್ಟಿಗೆ ಈ ನಿಂಫ್‌ಗಳಿಂದ. ಅವು ಎಳ್ಳಿನ ಕಾಳಿಗಿಂತ ಸಣ್ಣವು, ಕಚ್ಚಿದಾಗ ನೋವಿಲ್ಲ, ಹಲವರಿಗೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅವುಗಳ ಕಾಲ ನವೆಂಬರ್‌ನಿಂದ ಮೇ ತಿಂಗಳವರೆಗೆ, ಕೆಲವೊಮ್ಮೆ ಮುಂಗಾರು ಹಿಡಿಯುವ ತನಕ.

ಪ್ರವಾಸಿಗರ ಕಾಲವೂ ಸರಿಸುಮಾರು ಅದೇ ಆಗಿದೆ. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಸಂಕ್ರಾಂತಿ, ಶಿವರಾತ್ರಿ, ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ರಜೆ, ಇವೆಲ್ಲ ಬರುವುದು ಉಣುಗಿನ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಇಲ್ಲಿಗೆ ಬರುವವರು ಇಂಬಳದ ಭಯದಿಂದಾದರೂ ಉದ್ದನೆಯ ಕಾಲುಚೀಲ ಹಾಕಿಕೊಂಡು, ಸುಣ್ಣ, ಉಪ್ಪು, ಹೊಗೆಸೊಪ್ಪು ಹಿಡಿದು ಬರುತ್ತಾರೆ. ಇಂಬಳ ಕಣ್ಣಿಗೆ ಕಾಣುತ್ತದೆ, ರಕ್ತ ಸುರಿಸುತ್ತದೆ, ಹೆದರಿಸುತ್ತದೆ. ಆದರೆ ಅದರಿಂದ ಸಾಯುವವರಿಲ್ಲ. ಡಿಸೆಂಬರ್ ಬಂದು ನೆಲ ಒಣಗಿ ಇಂಬಳ ಮಾಯವಾದ ಕೂಡಲೇ ಕಾಡು ಈಗ ಸುರಕ್ಷಿತ ಎಂಬ ಭಾವನೆ ಎಲ್ಲರಲ್ಲೂ ಬರುತ್ತದೆ. ಅರ್ಧ ಚಡ್ಡಿ, ಚಪ್ಪಲಿಯಲ್ಲಿ ಕಾಲುದಾರಿ ಹಿಡಿಯುತ್ತಾರೆ, ಒಣಗಿದ ದರಕಿನ (ತರಗೆಲೆಯ) ಮೇಲೆ ಬಟ್ಟೆ ಹಾಸಿ ಊಟಕ್ಕೆ ಕೂರುತ್ತಾರೆ, ಸಂಜೆಯ ಬೆಂಕಿಗೆಂದು ಪೊದೆಗಳ ನಡುವಿನಿಂದ ಪುಳ್ಳೆ ಆಯ್ದು ತರುತ್ತಾರೆ. ತೋಟಕ್ಕೆ ದರಕು ತರಲು, ಒಲೆಗೆ ಸೌದೆ ತರಲು ಬೇಸಿಗೆಯಲ್ಲಿ ಕಾಡಿಗೆ ಹೋದ ನಮ್ಮ ಜನಕ್ಕೆ ಕಾಯಿಲೆ ತಗುಲಿದ್ದು ಇವೇ ಕೆಲಸಗಳಲ್ಲಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇದುವರೆಗೆ ಈ ಕಾಯಿಲೆಯಿಂದ ನರಳಿದವರಲ್ಲಿ, ಸತ್ತವರಲ್ಲಿ ಬಹುತೇಕರು ಇಲ್ಲಿನವರೇ: ಸಣ್ಣ ಹಿಡುವಳಿದಾರರು, ತೋಟದ ಕೂಲಿಯವರು, ದನ ಕಾಯುವವರು, ಅರಣ್ಯ ವಾಚರ್‌ಗಳು. ಒಂದು ದಿನ ಬಂದುಹೋಗುವವರಿಗಿರುವ ಅಪಾಯ ದಿನವೂ ಕಾಡಿಗೆ ಹೋಗುವವರಿಗಿರುವ ಅಪಾಯಕ್ಕೆ ಸಮನಲ್ಲ, ಸಮನೆಂದು ಹೇಳಿ ಯಾರನ್ನೂ ಹೆದರಿಸುವ ಇಚ್ಛೆ ನನಗಿಲ್ಲ. ಆದರೂ ಪ್ರವಾಸಿಗರ ವಿಷಯವನ್ನೇ ಹಿಡಿದು ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆಯ ಸುತ್ತ ಅರವತ್ತಕ್ಕೂ ಹೆಚ್ಚು ವರ್ಷಗಳ ಅನುಭವ ಕೂಡಿಬಂದಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ತಂದು ಕೊಡುತ್ತಾರೆ. ಊರಲ್ಲಿ ಮಂಗ ಸತ್ತರೆ ಮಕ್ಕಳಿಗೂ ಅದರ ಅರ್ಥ ಗೊತ್ತು. ಬೇಸಿಗೆಯಲ್ಲಿ ಜ್ವರ ಬಂದವನನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಕಾಡಿಗೆ ಹೋಗಿದ್ದೆಯಾ ಎಂಬುದು. ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರುತ್ತದೆ, ಗಂಭೀರವಾದವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಇದರಲ್ಲಿ ಕೊರತೆಗಳು ಬಹಳ ಇವೆ, ಆದರೆ ಇದೊಂದು ಕಾವಲು. ಹೊರಗಿನಿಂದ ಬರುವವರು ಈ ಕಾವಲಿನ ಒಳಗಿಲ್ಲ. ಎಚ್ಚರಿಕೆಯ ಧ್ವನಿವರ್ಧಕ ಕಟ್ಟಿದ ಆಟೋ ನಮ್ಮ ಕೇರಿಗಳಲ್ಲಿ ಸುತ್ತುತ್ತಿರುವಾಗಲೇ ಅದೇ ರಸ್ತೆಯಲ್ಲಿ ಗಾಜು ಏರಿಸಿದ ಕಾರುಗಳು ಜಲಪಾತದ ಕಡೆ ಸಾಗುತ್ತವೆ.

ಬೆಂಗಳೂರಿನ ಒಬ್ಬ ಯುವಕ ಜನವರಿಯ ಒಂದು ವಾರಾಂತ್ಯದಲ್ಲಿ ಗೆಳೆಯರೊಡನೆ ಶರಾವತಿ ಕಣಿವೆಯಲ್ಲೋ ತೀರ್ಥಹಳ್ಳಿಯ ಕಡೆಯ ಬೆಟ್ಟದಲ್ಲೋ ಚಾರಣ ಮಾಡಿ ಹಿಂದಿರುಗಿದನೆಂದು ಭಾವಿಸೋಣ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ಒಳಗೆ ಕಾಯಿಲೆ ತೋರಿಸಿಕೊಳ್ಳುತ್ತದೆ, ಅಂದರೆ ಅವನು ಕಚೇರಿಯ ಕೆಲಸದಲ್ಲಿ ಮುಳುಗಿ ಕಾಡನ್ನು ಮರೆತ ಮೇಲೆ. ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾಗದ ನೋವು, ಕೆಂಪಾದ ಕಣ್ಣು, ವಾಂತಿ ಅಥವಾ ಭೇದಿ. ಹತ್ತಿರದ ಕ್ಲಿನಿಕ್ಕಿಗೆ ಹೋದರೆ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ ಎಂದು ಬರುತ್ತದೆ. ಮಹಾನಗರದ ಯಾವ ವೈದ್ಯರಿಗಾದರೂ ಇದನ್ನು ಕಂಡಾಗ ಮೊದಲು ನೆನಪಾಗುವುದು ಡೆಂಗಿ, ಅದು ಅವರ ತಪ್ಪಲ್ಲ. ಡೆಂಗಿ ಪರೀಕ್ಷೆ ಋಣಾತ್ಮಕವಾಗಿ ಬಂದರೆ ಯಾವುದೋ ವೈರಲ್ ಜ್ವರ ಎಂದು ಮಾತ್ರೆ ಬರೆದು ಕಳಿಸುತ್ತಾರೆ. ವಾರದ ನಂತರ ಜ್ವರ ಇಳಿಯುತ್ತದೆ, ಎಲ್ಲ ಮುಗಿಯಿತೆಂದು ಮನೆಯವರು ನೆಮ್ಮದಿಯಾಗುತ್ತಾರೆ. ಆದರೆ ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಒಂದೆರಡು ವಾರದ ಬಿಡುವಿನ ನಂತರ ಜ್ವರ ಮರುಕಳಿಸಿ, ಈ ಸಲ ಮಿದುಳಿನ ಮೇಲೆ ಎರಗಬಹುದು: ಮಂಪರು, ಕೈನಡುಕ, ದೃಷ್ಟಿ ದೋಷ, ಕುತ್ತಿಗೆ ಬಿಗಿತ. ಮೊದಲ ಹಂತದಲ್ಲೇ ಮೂಗು, ಒಸಡು, ಕರುಳಿನಿಂದ ರಕ್ತಸ್ರಾವವಾಗಿ ಪರಿಸ್ಥಿತಿ ಕೈಮೀರುವವರೂ ಇದ್ದಾರೆ. ಕಾಯಿಲೆ ಬಂದವರಲ್ಲಿ ಸಾವಿನ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು.

ಈ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ, ನಿಜ. ಹಾಗೆಂದು ಕಾಯಿಲೆಯನ್ನು ಬೇಗ ಗುರುತಿಸುವುದರಿಂದ ಲಾಭವೇನು ಎಂದು ಕೇಳುವಂತಿಲ್ಲ. ಗುರುತಿಸಿದರೆ ರೋಗಿಯನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ದೇಹದ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳ ಮೇಲೆ ಕಣ್ಣಿಡಬಹುದು, ಬೇಕಾದಾಗ ರಕ್ತ ಮತ್ತು ಪ್ಲೇಟ್‌ಲೆಟ್ ಕೊಡಬಹುದು, ರಕ್ತಸ್ರಾವ ಹೆಚ್ಚಿಸಬಲ್ಲ ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ದೂರವಿಡಬಹುದು, ಜ್ವರ ಬಿಟ್ಟ ಮೇಲೂ ಎಚ್ಚರದಿಂದಿರುವಂತೆ ಮನೆಯವರಿಗೆ ಹೇಳಬಹುದು. ಜೀವ ಉಳಿಯುವುದು ಈ ಆರೈಕೆಯಿಂದಲೇ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗುತ್ತದೆ, ದಿನ ಕಳೆದ ಮೇಲೆ ಪ್ರತಿಕಾಯದ ಪರೀಕ್ಷೆ ಬೇಕಾಗುತ್ತದೆ. ಆದರೆ ಪರೀಕ್ಷೆ ಮಾಡಿಸಬೇಕೆಂಬ ಆಲೋಚನೆ ಯಾರಿಗಾದರೂ ಬಂದರೆ ತಾನೇ ಮಾದರಿ ಪ್ರಯೋಗಾಲಯಕ್ಕೆ ಹೋಗುವುದು? ಆ ಆಲೋಚನೆ ಬರುವಂತೆ ಮಾಡುವ ಮಾತು ಒಂದೇ, ನಾನು ಕಳೆದ ವಾರ ಮಲೆನಾಡಿನ ಕಾಡಿನಲ್ಲಿದ್ದೆ ಎಂಬ ರೋಗಿಯ ಮಾತು. ಅದನ್ನು ಹೇಳಬೇಕೆಂದು ಅವನಿಗೆ ತಿಳಿಸಬೇಕಾದವರು ಕಾಡಿನ ಬಾಗಿಲಲ್ಲಿ ಟಿಕೆಟ್ ಕೊಟ್ಟವರು.

ಉಣುಗಿನ ಜ್ವರದ ಹೆಸರೆತ್ತಿದಾಗ ಇನ್ನೊಂದನ್ನೂ ಸೇರಿಸಬೇಕು. ಉಣುಗಿನಿಂದಲೇ ಹರಡುವ ರಿಕೆಟ್ಸಿಯಾ ಜಾತಿಯ ಟೈಫಸ್ ಜ್ವರವೂ ನಮ್ಮ ದೇಶದಲ್ಲಿದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ, ಎಲ್ಲೆಡೆ ಸಿಗುವ ಔಷಧವಿದೆ, ಸಕಾಲದಲ್ಲಿ ಕೊಟ್ಟರೆ ಗುಣವಾಗುತ್ತದೆ, ತಡವಾದರೆ ಪ್ರಾಣಾಪಾಯ. ಕಾಡಿಗೆ ಹೋಗಿಬಂದ ಸಂಗತಿ ವೈದ್ಯರಿಗೆ ತಿಳಿದರೆ ಆ ರೋಗಿಗೂ ಲಾಭ.

ಇಲಾಖೆಗಳು ಏನೂ ಹೊಸದಾಗಿ ಕಟ್ಟಬೇಕಾಗಿಲ್ಲ ಎಂಬುದೇ ನನಗೆ ಧೈರ್ಯ ಕೊಡುವ ಸಂಗತಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಚಾರಣಿಗರ ನೂಕುನುಗ್ಗಲಾದ ಮೇಲೆ ಸರ್ಕಾರ ಚಾರಣಪಥಗಳಿಗೆ ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯನ್ನು ಅರಣ್ಯ ಇಲಾಖೆ ತೆರೆಯಿತು. ಪರಿಸರದ ಮೇಲಿನ ಒತ್ತಡ ತಗ್ಗಿಸುವುದಕ್ಕೆ ಮಾಡಿದ ಈ ಏರ್ಪಾಡು ಆರೋಗ್ಯದ ದೃಷ್ಟಿಯಿಂದಲೂ ದೊಡ್ಡ ಅನುಕೂಲ. ಯಾವ ದಿನ ಯಾವ ದಾರಿಯಲ್ಲಿ ಯಾರು ನಡೆದರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದು ಈಗ ಇಲಾಖೆಯ ಬಳಿಯೇ ಇದೆ. ನವೆಂಬರ್‌ನಿಂದ ಮೇ ತಿಂಗಳ ತನಕ ಕಾಯಿಲೆ ಇರುವ ತಾಲ್ಲೂಕುಗಳ ಚಾರಣಪಥಕ್ಕೆ ಟಿಕೆಟ್ ಕಾಯ್ದಿರಿಸುವ ಪ್ರತಿಯೊಬ್ಬರಿಗೂ ಹೊರಡುವ ಮುನ್ನ ಒಂದು ಸಂದೇಶ ಹೋಗಲಿ: ಇದು ಉಣುಗಿನ ಕಾಲ, ಮೈಮುಚ್ಚುವ ಬಟ್ಟೆ ಹಾಕಿ, ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ದರಕಿನ ಮೇಲೆ ಕೂರಬೇಡಿ. ಹಿಂದಿರುಗಿದ ಐದನೆಯ ದಿನ ಇನ್ನೊಂದು ಸಂದೇಶ ಹೋಗಲಿ: ಜ್ವರ, ತಲೆನೋವು, ಮೈಕೈನೋವು ಇದ್ದರೆ ಇಂಥ ದಿನ ಇಂಥ ಕಾಡಿನಲ್ಲಿದ್ದೆ ಎಂದು ವೈದ್ಯರಿಗೆ ಹೇಳಿ, ಕೆಎಫ್‌ಡಿ ಪರೀಕ್ಷೆ ಬೇಕೇ ಎಂದು ಕೇಳಿ. ಎರಡನೆಯ ಸಂದೇಶವೇ ಹೆಚ್ಚು ಮುಖ್ಯವೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕಾಡಿನ ಬಾಗಿಲಲ್ಲಿ ಉತ್ಸಾಹದಲ್ಲಿರುವವರು ಎಚ್ಚರಿಕೆಯ ಫಲಕ ಓದುವುದಿಲ್ಲ, ಜ್ವರದಲ್ಲಿ ಮಲಗಿದವರು ಫೋನ್ ನೋಡುತ್ತಾರೆ. ಟಿಕೆಟ್‌ನ ಹಿಂಬದಿಯಲ್ಲಿ ವೈದ್ಯರಿಗೆ ತೋರಿಸಲೆಂದೇ ನಾಲ್ಕು ಸಾಲು ಅಚ್ಚಾಗಲಿ: ಭೇಟಿಯ ದಿನಾಂಕ, ಸ್ಥಳ, ಕಾಯಿಲೆಯ ಹೆಸರು, ಮಾದರಿ ಕಳಿಸಬೇಕಾದ ಪ್ರಯೋಗಾಲಯದ ದೂರವಾಣಿ. ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಗಳಲ್ಲೂ ಇರಲಿ, ಬರುವವರು ಎಲ್ಲ ಕಡೆಯವರು.

ಟಿಕೆಟ್ ಇಲ್ಲದ ಜಾಗಗಳು ಇನ್ನೂ ಹೆಚ್ಚು. ಹೋಂಸ್ಟೇಗಳ ಹಿಂದಿನ ಕಾಡು, ಹಿನ್ನೀರಿನ ದಡದ ಡೇರೆಗಳು, ಸಣ್ಣಪುಟ್ಟ ಝರಿಗಳಿಗೆ ಹೋಗುವ ಕಾಲುದಾರಿಗಳು, ಇವುಗಳಲ್ಲಿ ಯಾವ ಲೆಕ್ಕವೂ ಸಿಗುವುದಿಲ್ಲ. ಹೋಂಸ್ಟೇಗಳ ನೋಂದಣಿ ಪ್ರವಾಸೋದ್ಯಮ ಇಲಾಖೆಯ ಮೂಲಕವೇ ಆಗುವುದರಿಂದ, ಬಾಧಿತ ತಾಲ್ಲೂಕುಗಳ ಪ್ರತಿ ಹೋಂಸ್ಟೇಯೂ ಅತಿಥಿಗಳಿಗೆ ಉಣುಗಿನ ಬಗ್ಗೆ ಲಿಖಿತ ಮಾಹಿತಿ ಕೊಡಬೇಕು, ಕೊಠಡಿಯಲ್ಲಿ ಉಣುಗು ನಿವಾರಕ ಎಣ್ಣೆ ಇಡಬೇಕು ಎಂಬುದನ್ನು ನೋಂದಣಿಯ ಷರತ್ತಾಗಿಸುವುದು ಕಷ್ಟವೇನಲ್ಲ. ಹಳ್ಳಿಗರಿಗೆ ಉಚಿತವಾಗಿ ಹಂಚುವ ಡೆಪಾ ಎಣ್ಣೆಯನ್ನು ಪ್ರವಾಸಿಗರಿಗೂ ಉಚಿತವಾಗಿ ಕೊಡಿ ಎಂದು ನಾನು ಹೇಳುವುದಿಲ್ಲ. ಚೆಕ್‌ಪೋಸ್ಟ್‌ಗಳಲ್ಲಿ, ಜೀಪು ನಿಲ್ದಾಣಗಳಲ್ಲಿ ಬೆಲೆಗೆ ಸಿಗುವಂತೆ ಮಾಡಿ. ಹಳ್ಳಿಯವರ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಗಂಭೀರವಾದದ್ದು ಮಂಗ ಸತ್ತ ಜಾಗದ ವಿಷಯ. ಮುಸಿಯ (ಕಪ್ಪು ಮೂತಿಯ ಮಂಗ) ಮತ್ತು ಕೆಂಪು ಮೂತಿಯ ಮಂಗಗಳೆರಡೂ ಈ ವೈರಸ್ಸಿಗೆ ತುತ್ತಾಗಿ ಸಾಯುತ್ತವೆ. ಬದುಕಿದ್ದಾಗ ಅವುಗಳ ಮೈಮೇಲಿದ್ದ ಉಣುಗುಗಳು ಮೈ ತಣ್ಣಗಾದ ಕೂಡಲೇ ನೆಲಕ್ಕೆ ಉದುರಿ, ಆ ಸುತ್ತಳತೆಯ ತರಗೆಲೆಗಳಲ್ಲಿ ಸೇರಿಕೊಂಡು ಮುಂದಿನ ಆಸರೆಗೆ ಕಾಯುತ್ತವೆ. ಸತ್ತ ಮಂಗದಿಂದ ದೂರವಿದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಮಂಗದ ದೇಹ ಕೊಳೆತು ಮಾಯವಾದ ಮೇಲೂ ಆ ನೆಲ ಅಪಾಯಕಾರಿಯಾಗಿಯೇ ಉಳಿಯುತ್ತದೆ ಎಂಬುದು ಅವರಿಗೆ ತಿಳಿದಿಲ್ಲ. ಅದಕ್ಕಾಗಿಯೇ ಆರೋಗ್ಯ ಇಲಾಖೆಯವರು ಮಂಗ ಸತ್ತ ಸ್ಥಳದ ಸುತ್ತ ಮೆಲಾಥಿಯಾನ್ ಪುಡಿ ಹಾಕುವುದು, ಪಶುವೈದ್ಯರು ಮಾದರಿ ತೆಗೆದ ನಂತರ ದೇಹವನ್ನು ಸುಡುವುದು. ಈ ಕ್ರಮವೆಲ್ಲ ಊರಿನ ಸಮೀಪ ಸತ್ತ ಮಂಗಗಳಿಗೆ ಆಗುತ್ತದೆ, ಊರವರು ಸುದ್ದಿ ಮುಟ್ಟಿಸುವುದರಿಂದ. ಬೆಟ್ಟದ ಮೇಲಿನ ಕಾಲುದಾರಿಯಲ್ಲಿ ಮಂಗ ಸತ್ತು ಬಿದ್ದಿರುವುದನ್ನು ಕಂಡ ಚಾರಣಿಗ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾನೆ; ಆ ನೋಟದ ಬೆಲೆಯನ್ನು ಯಾರೂ ಅವನಿಗೆ ಹೇಳಿಲ್ಲ. ಅವನ ಕೈಯಲ್ಲಿರುವ ಫೋನಿನಿಂದ ಒಂದು ಚಿತ್ರ ಮತ್ತು ಸ್ಥಳದ ಗುರುತು ಅದೇ ದಿನ ವಲಯ ಅರಣ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ತಲುಪುವಂತಾದರೆ, ಕಾಡಿನೊಳಗೆ ನಿಮಗೆ ಸಾವಿರಾರು ಕಾವಲುಗಾರರು ಸಿಕ್ಕಂತಾಗುತ್ತದೆ.

ಸುದ್ದಿ ಬಂದ ಮೇಲೆ ಏನು ಮಾಡಬೇಕೆಂಬುದಕ್ಕೆ ಸ್ಪಷ್ಟ ನಿಯಮ ಬೇಕು. ಚಾರಣಪಥದ ಬದಿಯಲ್ಲಿ ಮಂಗ ಸತ್ತಿರುವುದು ತಿಳಿದ ದಿನವೇ ಆ ದಾರಿಯನ್ನು ಮುಚ್ಚಬೇಕು. ಮಂಗದ ಅಥವಾ ಉಣುಗಿನ ಮಾದರಿಯಲ್ಲಿ ವೈರಸ್ ಕಂಡುಬಂದರೆ ಆ ಋತು ಮುಗಿಯುವವರೆಗೆ ತೆರೆಯಬಾರದು. ಮುಂಗಡ ಹಣ ಕೊಟ್ಟವರಿಗೆ ಹಣ ಹಿಂದಿರುಗಿಸಿ ಕಾರಣವನ್ನು ಮುಚ್ಚಿಡದೆ ಹೇಳಬೇಕು. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವ ರೂಢಿ ಇಲಾಖೆಗೆ ಇದ್ದೇ ಇದೆ. ಉಣುಗಿನ ಕಾರಣಕ್ಕೆ ಒಂದು ದಾರಿಯನ್ನು ಕೆಲವು ವಾರ ಮುಚ್ಚುವುದು ಅದಕ್ಕಿಂತ ದೊಡ್ಡ ನಿರ್ಧಾರವಲ್ಲ.

ಇಂಥ ಮಾಹಿತಿ ಬಹಿರಂಗವಾದರೆ ಪ್ರವಾಸಿಗರು ಬರುವುದು ನಿಲ್ಲುತ್ತದೆ, ಮಲೆನಾಡಿನ ಜನರ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತದೆ ಎಂಬ ಮಾತನ್ನು ನಾನು ಇಲ್ಲಿನ ಹೋಂಸ್ಟೇ ಮಾಲೀಕರ ಬಾಯಲ್ಲೂ ಕೇಳಿದ್ದೇನೆ, ಜವಾಬ್ದಾರಿಯ ಸ್ಥಾನದಲ್ಲಿರುವವರ ಬಾಯಲ್ಲೂ ಕೇಳಿದ್ದೇನೆ. ಅಡಿಕೆಯ ಬೆಲೆಯನ್ನೊಂದೇ ನಂಬಿ ಬದುಕಲಾಗದ ಈ ಕಾಲದಲ್ಲಿ ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಜರ್ಮನಿಯ ಉದಾಹರಣೆ ನೋಡಿ. ಅಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ ನಮ್ಮ ಕ್ಯಾಸನೂರು ವೈರಸ್ಸಿನ ಕುಟುಂಬದ್ದೇ. ರಾಬರ್ಟ್ ಕೋಖ್ ಸಂಸ್ಥೆ ಪ್ರತಿವರ್ಷ ಯಾವ ಯಾವ ಜಿಲ್ಲೆಗಳು ಅಪಾಯದ ವಲಯದಲ್ಲಿವೆ ಎಂದು ನಕ್ಷೆಸಮೇತ ಪ್ರಕಟಿಸುತ್ತದೆ. ದಕ್ಷಿಣದ ಬ್ಲ್ಯಾಕ್ ಫಾರೆಸ್ಟ್ ಪ್ರದೇಶ ಆ ನಕ್ಷೆಯೊಳಗಿದೆ, ಜನ ಅಲ್ಲಿಗೆ ನಡೆದಾಡಲು ಹೋಗುವುದನ್ನು ಬಿಟ್ಟಿಲ್ಲ. ಲಸಿಕೆ ಹಾಕಿಸಿಕೊಂಡು, ಸಂಜೆ ಮೈ ಪರೀಕ್ಷಿಸಿಕೊಂಡು, ಮತ್ತೆ ಹೋಗುತ್ತಾರೆ. ನಮ್ಮಲ್ಲಿ ತಾಲ್ಲೂಕುವಾರು, ಗ್ರಾಮ ಪಂಚಾಯಿತಿವಾರು ನಕ್ಷೆಯೊಂದನ್ನು ಋತುವಿನುದ್ದಕ್ಕೂ ವಾರಕ್ಕೊಮ್ಮೆ ಪ್ರಕಟಿಸಿದರೆ, ಇಡೀ ಮಲೆನಾಡೇ ರೋಗದ ನಾಡೆಂಬ ಗಾಳಿಸುದ್ದಿಗೆ ಅದೇ ಮದ್ದು. ಸತ್ಯ ಸಿಗದ ಕಡೆ ವಾಟ್ಸ್‌ಆ್ಯಪ್ ಸಂದೇಶಗಳು ತುಂಬಿಕೊಳ್ಳುತ್ತವೆ, ಒಂದು ಊರಿನ ಸಾವು ನಾಲ್ಕು ಜಿಲ್ಲೆಗಳ ವ್ಯಾಪಾರವನ್ನು ಕೆಡಿಸುತ್ತದೆ.

ಜರ್ಮನಿಯವರಿಗೆ ಲಸಿಕೆ ಇದೆ, ಸದ್ಯಕ್ಕೆ ನಮಗಿಲ್ಲ. ಹಿಂದೆ ಬಾಧಿತ ಹಳ್ಳಿಗಳಲ್ಲಿ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡುಬಂದು ಅದರ ಬಳಕೆ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ನಮ್ಮ ತೋಳಿಗೆ ಬರುವ ತನಕ ಇರುವ ರಕ್ಷಣೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ. ಲಸಿಕೆ ಬಂದಾಗ ಮೊದಲ ಸಾಲಿನಲ್ಲಿ ಹಳ್ಳಿಗರ ಜೊತೆ ಅರಣ್ಯ ವಾಚರ್‌ಗಳು, ಚಾರಣದ ಮಾರ್ಗದರ್ಶಕರು, ಹೋಂಸ್ಟೇಗಳ ಕೆಲಸಗಾರರು ನಿಲ್ಲಲಿ. ಪ್ರವಾಸಿಗನೊಬ್ಬ ವರ್ಷಕ್ಕೊಮ್ಮೆ ನಡೆಯುವ ದಾರಿಯಲ್ಲಿ ಮಾರ್ಗದರ್ಶಕ ವಾರಕ್ಕೆ ಹಲವು ಸಲ ನಡೆಯುತ್ತಾನೆ, ಮುಂದೆ ಹೋಗುವವನು ಅವನೇ ಆದ್ದರಿಂದ ಪೊದೆಯಂಚಿನ ಉಣುಗು ಮೊದಲು ಸಿಗುವುದೂ ಅವನಿಗೇ. ಅವನಿಗೆ ಗಂಬೂಟು, ಎಣ್ಣೆ ಮತ್ತು ಆರೋಗ್ಯ ವಿಮೆ ಕೊಡದೆ ಚಾರಣದ ಶುಲ್ಕ ವಸೂಲಿ ಮಾಡುವುದು ನ್ಯಾಯವಲ್ಲ.

ಮಂಗಗಳಿಗೆ ತಿಂಡಿ ಎಸೆಯುವ ಪಿಡುಗಿನ ಬಗ್ಗೆಯೂ ಇಲ್ಲೇ ಹೇಳುತ್ತೇನೆ. ಆಗುಂಬೆ ಘಾಟಿಯ ತಿರುವುಗಳಲ್ಲಿ, ಜಲಪಾತಗಳ ವಾಹನ ನಿಲುಗಡೆಗಳಲ್ಲಿ ಬಾಳೆಹಣ್ಣು, ಬಿಸ್ಕತ್ತಿನ ಆಸೆಗೆ ಮಂಗಗಳು ಹಗಲೆಲ್ಲ ಠಿಕಾಣಿ ಹೂಡಿರುತ್ತವೆ. ಕಾಡಿನಲ್ಲಿ ಚದುರಿರಬೇಕಾದ ಹಿಂಡನ್ನು ನಾವೇ ರಸ್ತೆಯ ಪಕ್ಕಕ್ಕೆ ತಂದು ಕೂರಿಸಿದರೆ, ಆ ಹಿಂಡಿಗೆ ಕಾಯಿಲೆ ತಗುಲಿದ ವರ್ಷ ಅವು ಸತ್ತು ಬೀಳುವುದೂ ಉಣುಗು ಉದುರುವುದೂ ಮಕ್ಕಳು ಇಳಿದು ಆಡುವ ಜಾಗದಲ್ಲೇ. ಕಾಡುಪ್ರಾಣಿಗಳಿಗೆ ತಿನ್ನಿಸಬಾರದೆಂಬ ಫಲಕಗಳು ಈಗಾಗಲೇ ಇವೆ, ದಂಡ ಹಾಕುವವರು ಕಾಣುವುದಿಲ್ಲ. ನವೆಂಬರ್‌ನಿಂದ ಮೇವರೆಗಾದರೂ ಈ ಜಾಗಗಳಲ್ಲಿ ಒಬ್ಬ ಸಿಬ್ಬಂದಿ ನಿಲ್ಲಲಿ.

ಇನ್ನು, ಈ ಪತ್ರ ಓದುತ್ತಿರುವ ಪ್ರವಾಸಿಗರಿಗೆ ಕೆಲವು ಮಾತು. ನೀವು ಬರಬೇಡಿ ಎಂದು ನಾನು ಹೇಳುತ್ತಿಲ್ಲ. ತಿಳಿ ಬಣ್ಣದ, ತುಂಬು ತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತೆರೆದಿರುವ ಚರ್ಮಕ್ಕೆ ನಿವಾರಕ ಹಚ್ಚಿ, ಹೊತ್ತು ಕಳೆದಂತೆ ಮತ್ತೆ ಹಚ್ಚಿ. ಸವೆದ ದಾರಿಯ ನಡುವೆ ನಡೆಯಿರಿ. ತಂಗುದಾಣಕ್ಕೆ ಮರಳಿದ ಕೂಡಲೇ ಬಟ್ಟೆ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ, ತಲೆಗೂದಲ ಅಂಚು, ಸೊಂಟದ ಪಟ್ಟಿಯ ಜಾಗ ಇವನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಮಕ್ಕಳ ಮೈಯನ್ನು ದೊಡ್ಡವರು ನೋಡಲಿ. ಕಚ್ಚಿ ಹಿಡಿದ ಉಣುಗು ಕಂಡರೆ ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಬೇಡ. ಚೂಪು ತುದಿಯ ಚಿಮ್ಮಟದಿಂದ ಚರ್ಮಕ್ಕೆ ಆದಷ್ಟು ಸಮೀಪ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆದು ತೆಗೆದು, ಜಾಗವನ್ನು ಸೋಪುನೀರಿನಿಂದ ತೊಳೆಯಿರಿ. ದಿನಾಂಕ ಬರೆದಿಟ್ಟುಕೊಳ್ಳಿ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಜ್ವರ ಬಂದ ಗೆಳೆಯನನ್ನಾಗಲಿ, ನಮ್ಮ ಊರಿನವರನ್ನಾಗಲಿ ದೂರವಿಡುವ ಅಗತ್ಯವಿಲ್ಲ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ, ಜಾಗವನ್ನು ಗುರುತಿಟ್ಟುಕೊಂಡು ಯಾರಿಗಾದರೂ ತಿಳಿಸಿಯೇ ಮುಂದೆ ಹೋಗಿ.

ಇಲಾಖೆಗಳಿಗೆ ಮತ್ತೆ ತಿರುಗುತ್ತೇನೆ. ಪ್ರತಿವರ್ಷ ಮಂಗನ ಕಾಯಿಲೆಯ ಪೂರ್ವಸಿದ್ಧತಾ ಸಭೆಗಳು ನಡೆಯುತ್ತವೆ ಎಂಬುದು ಪತ್ರಿಕೆಗಳಿಂದ ತಿಳಿಯುತ್ತದೆ. ಆರೋಗ್ಯ, ಅರಣ್ಯ, ಪಶುಪಾಲನಾ ಇಲಾಖೆಗಳ ಅಧಿಕಾರಿಗಳು ಅಲ್ಲಿ ಕೂರುತ್ತಾರೆ. ಆ ಮೇಜಿನ ಸುತ್ತ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗೂ ಒಂದು ಕುರ್ಚಿ ಹಾಕಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸಭೆಗಳಲ್ಲಿ ಚಾರಣಪಥಗಳ ಪಟ್ಟಿಯನ್ನೂ ಹಿಂದಿನ ವರ್ಷಗಳಲ್ಲಿ ಮಂಗ ಸತ್ತ ಜಾಗಗಳ ಪಟ್ಟಿಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಆಸ್ಪತ್ರೆಗಳಿಗೆ ನವೆಂಬರ್‌ನ ಮೊದಲ ವಾರದಲ್ಲಿ ಸುತ್ತೋಲೆ ಕಳಿಸಿ, ಡೆಂಗಿಯಂತೆ ಕಾಣುವ, ಡೆಂಗಿ ಅಲ್ಲದ ಜ್ವರದ ರೋಗಿಯನ್ನು ಕಳೆದ ಎರಡು ವಾರಗಳ ಪ್ರಯಾಣದ ಬಗ್ಗೆ ಕೇಳುವುದನ್ನು ಕಡ್ಡಾಯ ಮಾಡಿ. ಅರಣ್ಯ ವಿಹಾರ ಜಾಲತಾಣದ ಸಂದೇಶಗಳ ಒಕ್ಕಣೆಯನ್ನು ಆರೋಗ್ಯ ಇಲಾಖೆಯ ತಜ್ಞರಿಂದ ಬರೆಸಿ ಅಕ್ಟೋಬರ್ ಮುಗಿಯುವುದರೊಳಗೆ ಅಳವಡಿಸಿ. ಈ ವಿಷಯದಲ್ಲಿ ಯಾವ ಇಲಾಖೆಯ ಯಾವ ಅಧಿಕಾರಿ ಹೊಣೆಗಾರರು ಎಂಬುದನ್ನು ಹೆಸರು ಮತ್ತು ದೂರವಾಣಿ ಸಹಿತ ಪ್ರಕಟಿಸಿ; ನಮ್ಮ ಬೆಟ್ಟದಲ್ಲಿ ಮಂಗ ಸತ್ತಾಗ ನಾವು ಮೂರು ಕಚೇರಿಗಳಿಗೆ ಅಲೆಯದೆ ಒಬ್ಬರಿಗೇ ಫೋನ್ ಮಾಡಲು ಸಾಧ್ಯವಾಗಬೇಕು.

ಈ ಪತ್ರಕ್ಕೆ ಮೂರೂ ಇಲಾಖೆಗಳಿಂದ ಲಿಖಿತ ಉತ್ತರವನ್ನು, ಮುಂದಿನ ಪೂರ್ವಸಿದ್ಧತಾ ಸಭೆಗೆ ಮೊದಲೇ, ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ